ದ್ವಾದಶಿಯ ಗುಳಿಗೆ

ರಮಾಮಣಿ ಒಲೆಯ ಮುಂದೆ ಕೂತು ಕಡ್ಡಿ ಗೀರಿದ್ದೇ ತಡ, ಪದ್ಮಾವತಿಬಾಯಿ ಪಡಸಾಲೆಯಿಂದ ಎದ್ದು ಬಂದು ಉಫ್ ಎಂದು ಊದಿ ಆರಿಸಿಬಿಟ್ಟರು.

“ಏನ್ ಮಾಡ್ಲಿಕ್ಕತ್ತೀರಿ? ಹೆಣಾ ಇನ್ನೂ ಮನ್ಯಾಗ ಅದ. ಒಲಿ ಹಚ್ಚತಾರೇನು?”

“ಒಂದೇ ಒಂದು ಲೋಟ ಕಾಫಿ ಅಮ್ಮಾ. ವೈದೇಹಿಯವರ ಮುಖ ನೋಡಿ, ಹ್ಯಾಗೆ ಬಾಡ್ಹೋಗಿದೆ. ನಿನ್ನೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ವಂತೆ.”

“ನಾನೂ ಕುಡದಿಲ್ಲ. ದಶಮಿ ರಾತ್ರಿಯಿಂದ ಕುಡದಿಲ್ಲ. ಸತ್ತೇನೇನು?”

ಅಂದ ಮೇಲೆ ಆ ಮಾತು ಅವರಿಗೇ ತಾಗಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಆತು ನಿಂತರು. ರಮಾಮಣಿ ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ಗೂಡಿನಲ್ಲಿಟ್ಟು ಹೊರಗೆ ಬಂದಳು. ಮೈಸೂರು ಕಡೆಯ ಹೆಣ್ಣುಮಗಳು, ಗಂಡನಿಗೆ ರೈಲ್ವೆ ಅಕೌಂಟ್ಸಿನಲ್ಲಿ ಕೆಲಸ, ಪಕ್ಕದ ಕ್ವಾರ್ಟರ್ಸಿನಲ್ಲೇ ಮನೆ. ಆರು ವರ್ಷದಿಂದ ಪದ್ಮಕ್ಕನ ಮಡಿಯ ಗಡಿಗಳನ್ನು ಚೆನ್ನಾಗಿ ಬಲ್ಲವಳು. ಆ ಅಡುಗೆಮನೆಯ ಹೊಸ್ತಿಲು ದಾಟಿದ್ದು ಇವತ್ತೇ ಮೊದಲು, ಅದೂ ಸಾವಿನ ಮನೆಯಲ್ಲಿ ಮಡಿಯೆಲ್ಲಿ ಬಂತು ಎಂಬ ಧೈರ್ಯದಿಂದ.

ಪಡಸಾಲೆಯಲ್ಲಿ ಪದ್ಮಕ್ಕನ ತಮ್ಮ ಪಾಂಡುರಂಗರಾಯರು ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ನಿನ್ನೆ ಏಕಾದಶಿಯ ಸಂಜೆ ಬರೋಡಾ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಿಂದ ಎಂದಿನಂತೆ ಏಳಕ್ಕೆ ಬಂದವರು, ಮಂಚದ ಮೇಲೆ ಕೂತು ಒಂದು ಬೂಟು ಬಿಚ್ಚಿದರು. ಇನ್ನೊಂದನ್ನು ಬಿಚ್ಚಲಿಲ್ಲ. ಐವತ್ತೆರಡು ವರ್ಷ, ಒಂದು ದಿನ ಕಾಯಿಲೆಯೆಂದು ರಜೆ ಹಾಕಿದವರಲ್ಲ. ಮಕ್ಕಳಿರಲಿಲ್ಲ. ಬೆಂಕಿ ಕೊಡಬೇಕಾದವನು ಅಣ್ಣನ ಮಗ ಕೇಶವ, ಅಹಮದಾಬಾದಿನ ಇನ್ಶೂರೆನ್ಸ್ ಆಫೀಸಿನಲ್ಲಿದ್ದ. ರೈಲ್ವೆಯ ಕಂಟ್ರೋಲ್ ಫೋನಿನಲ್ಲಿ ರಾತ್ರಿಯೇ ಸುದ್ದಿ ಹೋಗಿತ್ತು. ಬೆಳಗಿನ ಗಾಡಿಗೆ ಬರುತ್ತಾನೆಂದು ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸಿನ ಜನವೆಲ್ಲ ಬಾಗಿಲಲ್ಲಿ ಕಾಯುತ್ತಿದ್ದರು.

ವೈದೇಹಿ ಗಂಡನ ತಲೆಯ ಬದಿಗೆ ಕೂತಿದ್ದಳು. ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಒಳಗೆ ಹೆಬ್ಬೆರಳು ಒಮ್ಮೆ ತುಡಿಯಿತು. ಸುಮ್ಮನಾಯಿತು. ಮತ್ತೆ ತುಡಿಯಿತು.

ಅವಳಿಗೆ ಅದು ಹಳೆಯ ಪರಿಚಯ. ಹೆಬ್ಬೆರಳು ಕುಣಿಯತೊಡಗಿತೆಂದರೆ ಹಿಂದೆಯೇ ಮೂರ್ಛೆ ಬರುತ್ತದೆ. ಒಂದೊಂದು ಸಲ ಗಳಿಗೆಯಲ್ಲಿ, ಒಂದೊಂದು ಸಲ ಎರಡು ಮೂರು ತಾಸು ಆಟವಾಡಿಸಿ. ಹದಿನಾಲ್ಕು ವರ್ಷ ತೆಪ್ಪಗಿದ್ದ ಬೆರಳು ಅದು. ನಿನ್ನೆ ರಾತ್ರಿಯ ಗುಳಿಗೆ ತಪ್ಪಿದೆ, ಇವತ್ತು ಬೆಳಗಿನದೂ ತಪ್ಪಿದೆ. ಗುಳಿಗೆಯ ಪೊಟ್ಟಣ ಇರುವುದು ಅವರ ಕರಿಯ ಕೋಟಿನ ಒಳಜೇಬಿನಲ್ಲಿ. ಕೋಟು ಗೂಟಕ್ಕೆ ನೇತಾಡುತ್ತಿದೆ, ಸರಿಯಾಗಿ ಅವರ ತಲೆಯ ಮೇಲುಗಡೆ, ಇಪ್ಪತ್ತು ಜನರ ಕಣ್ಣೆದುರು.

ಬಿದ್ದರೆ ಬೀಳಲಿ, ನಾಚಿಕೆ ಹೋದರೆ ಹೋಗಲಿ. ಅವಳ ಹೆದರಿಕೆ ಅದಲ್ಲ. ಮೂರ್ಛೆ ಬಂತೆಂದರೆ ಅವಳಿಗೆ ಎಚ್ಚರವಾಗುವುದು ಇಳಿಹೊತ್ತಿಗೆ. ಅಷ್ಟರಲ್ಲಿ ಇವರು ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ಬೂದಿಯಾಗಿರುತ್ತಾರೆ. ತಂದೆ ಸತ್ತಾಗ ಹೀಗೇ ಆಗಿತ್ತು. ಅಳಲೂ ಆಗಿರಲಿಲ್ಲ ಅವಳಿಗೆ, ಎದ್ದು ನೋಡಿದರೆ ಮನೆ ಸಾರಿಸಿಯಾಗಿತ್ತು. ಗಂಡ ಹೊಸ್ತಿಲು ದಾಟುವಾಗ ತಾನು ಎಚ್ಚರವಿರಬೇಕು, ಇಷ್ಟೇ ಅವಳಿಗೆ ಬೇಕಾದದ್ದು.

*

ಅವರಿಗೆ ಮೊದಲ ಪೋಸ್ಟಿಂಗು ಆದದ್ದು ಬೋಡೇಲಿಯಲ್ಲಿ. ಬರೋಡಾದಿಂದ ನ್ಯಾರೋಗೇಜಿನ ಪುಟ್ಟ ಗಾಡಿ ತೂಗುತ್ತಾ ಬಳುಕುತ್ತಾ ಅಲ್ಲಿಗೆ ಹೋಗುತ್ತಿತ್ತು. ದಾರಿಯಲ್ಲಿ ಇಳಿದು ಕಡ್ಡಿ ಮುರಿದುಕೊಂಡು ಹಲ್ಲುಜ್ಜಿ ಮತ್ತೆ ಹತ್ತಬಹುದು ಎಂದು ಪಾಂಡುರಂಗರಾಯರು ಹೇಳುತ್ತಿದ್ದರು. ಅಷ್ಟೇನೂ ಸುಳ್ಳಲ್ಲ. ಬಾಗಲಕೋಟೆಯಿಂದ ಮದುವೆಯಾಗಿ ಬಂದ ವೈದೇಹಿಗೆ ಮೂರನೆಯ ತಿಂಗಳಲ್ಲೇ ಮೂರ್ಛೆ ಬಂತು. ತವರಿನಲ್ಲಿ ಮುಚ್ಚಿಟ್ಟಿದ್ದರು. ಚಿಕ್ಕಂದಿನಲ್ಲಿ ಹಾಕಿಸಿದ ಬರೆಯ ಗುರುತು ಕತ್ತಿನ ಹಿಂದೆ, ಜಡೆಯ ಮರೆಯಲ್ಲಿತ್ತು.

ಹೆಂಡತಿಯನ್ನು ತವರಿಗೆ ಕಳಿಸಿ ಕೈತೊಳೆದುಕೊಳ್ಳು ಎಂದು ಹೇಳಿದವರು ಬಹಳ ಜನ. ಪಾಂಡುರಂಗರಾಯರು ಕಳಿಸಲಿಲ್ಲ. ಬೋಡೇಲಿಯಲ್ಲಿ ಆಗ ಡಾಕ್ಟರೆಂದರೆ ಒಬ್ಬ ಕಂಪೌಂಡರು. ಎಲ್ಲದಕ್ಕೂ ಒಂದೇ ಉಪ್ಪುಪ್ಪು ಮಿಕ್ಸ್ಚರ್ ಕೊಡುತ್ತಿದ್ದ. ಅದನ್ನು ಕುಡಿದರೆ ವೈದೇಹಿ ಹಗಲೆಲ್ಲ ತೂಕಡಿಸುತ್ತಿದ್ದಳು, ಮೂರ್ಛೆ ಮಾತ್ರ ತನ್ನ ಪಾಡಿಗೆ ಬಂದು ಹೋಗುತ್ತಿತ್ತು. ಅವನನ್ನು ಬಿಟ್ಟರೆ ಭುವಾ, ಅಂದರೆ ದೇವರು ಮೈಮೇಲೆ ಬರುವ ಮಂತ್ರಗಾರ. ಅವನ ಹತ್ತಿರ ಬೇವಿನ ಸೊಪ್ಪು, ಕಬ್ಬಿಣದ ಸರಪಳಿ ಇದ್ದವು. ಪಾಂಡುರಂಗರಾಯರು ಸರಪಳಿ ನೋಡಿ ಬಾಗಿಲಿನಿಂದಲೇ ಹೆಂಡತಿಯನ್ನು ಕರಕೊಂಡು ವಾಪಸು ಬಂದರು.

ಬರೋಡಾಕ್ಕೆ ವರ್ಗವಾದ ಮೇಲೆ ಅಲ್ಲಿಯ ಡಾಕ್ಟರೊಬ್ಬರು, ಇದಕ್ಕೆಂದೇ ಓದಿದವರು ಬೊಂಬಾಯಿಯಲ್ಲಿದ್ದಾರೆ, ತಲೆಯೊಳಗಿನ ಅಲೆ ಬರೆಯುವ ಯಂತ್ರವೂ ಅಲ್ಲಿದೆ ಎಂದರು. ರೈಲ್ವೆಯವರ ಪಾಸು ಅಂದಿನಿಂದ ಬೊಂಬಾಯಿಗೇ ಮೀಸಲಾಯಿತು. ತಿರುಪತಿ ಕಾಣಲಿಲ್ಲ, ಕಾಶಿ ಕಾಣಲಿಲ್ಲ ಎಂದು ಪದ್ಮಕ್ಕ ಇವತ್ತಿಗೂ ಗೊಣಗುತ್ತಾರೆ. ಆ ಆಸ್ಪತ್ರೆಯ ವರಾಂಡದಲ್ಲಿ ಮೂರು ದಿನ ಕೂತರೆ ಒಂದು ಸಲ ಸರದಿ ಬರುತ್ತಿತ್ತು. ಕಾಠಿಯಾವಾಡದವರು, ಖಾನದೇಶದವರು, ಸೂರತ್ತಿನ ನೇಕಾರರು, ಎಲ್ಲರೂ ಬುತ್ತಿ ಗಂಟು ಬಿಚ್ಚಿಕೊಂಡು ಅಲ್ಲೇ ಸಂಸಾರ ಹೂಡಿದ್ದರು. ಯಂತ್ರದವನು ತಲೆಗೆ ಅಂಟು ಹಚ್ಚಿ ತಂತಿ ಕೂರಿಸಿದ. ಅದು ಕೂದಲಿನಿಂದ ಹೋಗಲು ಎಂಟು ದಿನ ಸೀಗೆಪುಡಿ ಬೇಕಾಯಿತು.

ಡಾಕ್ಟರು ಬಿಳಿಯ ಗುಳಿಗೆ ಕೊಟ್ಟರು, ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರ್ಛೆ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಎರಡನೆಯ ಸಲ ಹೋದಾಗ ಪಾಂಡುರಂಗರಾಯರು ಒಂದು ಉದ್ದನೆಯ ಹಾಳೆ ಮುಂದಿಟ್ಟರು. ಹೆಂಡತಿಯ ಮೂರ್ಛೆಗಳನ್ನು ಗಾಡಿಗಳ ಹಾಗೆ ಬರೆದಿದ್ದರು: ತಾರೀಖು, ಬಂದ ಹೊತ್ತು, ಬಿಟ್ಟ ಹೊತ್ತು. ಡಾಕ್ಟರು ನೋಡಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಹಾಳೆಯ ಮೇಲೆ ಬೆರಳಾಡಿಸಿದರು.

“ಹದಿನೈದು ದಿನಕ್ಕೊಂದು ಸಲ, ಲೆಕ್ಕ ಹಾಕಿದ ಹಾಗೆ ಬರ್ತಾ ಇದೆ. ಹದಿನೈದು ದಿನಕ್ಕೊಮ್ಮೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತೆ?”

ಪಾಂಡುರಂಗರಾಯರು ತಬ್ಬಿಬ್ಬಾದರು. ವೈದೇಹಿಯೇ ಮೆಲ್ಲನೆ ಹೇಳಿದಳು, “ಏಕಾದಶಿ.”

ಬಾಲವಿಧವೆಯಾಗಿ ತಮ್ಮನ ಮನೆ ಸೇರಿದ್ದ ಪದ್ಮಕ್ಕ ಹರಕೆ ಹೊತ್ತಿದ್ದರು. ವೈದೇಹಿಯ ಮೂರ್ಛೆ ನಿಲ್ಲಬೇಕು, ಅದಕ್ಕೆ ತಾವು, ತಮ್ಮನ ಹೆಂಡತಿ ಇಬ್ಬರೂ ನಿರ್ಜಲ ಏಕಾದಶಿ ಮಾಡಬೇಕು. ಅನ್ನವಿಲ್ಲ, ನೀರಿಲ್ಲ. ನೀರಿಲ್ಲವೆಂದ ಮೇಲೆ ಗುಳಿಗೆ ಎಲ್ಲಿಂದ? ಏಕಾದಶಿಗೆ ಎರಡು ಗುಳಿಗೆ ತಪ್ಪುತ್ತಿತ್ತು, ಹೊಟ್ಟೆ ಖಾಲಿ, ದ್ವಾದಶಿಗೆ ಮೂರ್ಛೆ ಹಾಜರ್. ಮೂರ್ಛೆ ಬಂತೆಂದು ಪದ್ಮಕ್ಕ ಮುಂದಿನ ಏಕಾದಶಿಯನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಉಪವಾಸ ದೇವರು ಕೇಳಿರಬಹುದು. ಗುಳಿಗೆ ಬಿಡು ಅಂತ ಕೇಳಿದನಾ?”

*

“ಏಕಾದಶಿ ಮರಣ, ದ್ವಾದಶಿ ದಹನ. ಎಷ್ಟು ಜನ್ಮದ ಪುಣ್ಯವೋ,” ಎಂದಳು ರಮಾಮಣಿ, ಪದ್ಮಕ್ಕನನ್ನು ಸಮಾಧಾನ ಮಾಡಲು.

“ಪುಣ್ಯಾ ಮಾಡ್ಯಾನಲ್ರೀ ನನ್ನ ತಮ್ಮ,” ಎಂದರು ಪದ್ಮಕ್ಕ. ಬಿಳಿ ಸೀರೆಯುಟ್ಟು ಸಾಲಾಗಿ ಕೂತಿದ್ದ ಗುಜರಾತಿ ಹೆಂಗಸರಿಗೂ ತಿಳಿಯಲೆಂದು ಮುರುಕು ಹಿಂದಿ ಬೆರೆಸಿ, ವೈದೇಹಿಯ ಕಡೆ ಕೈ ತೋರಿಸಿದರು. “ಈಕೀನ್ನ ಕೇಳ್ರಿ. ವಾರಕ್ಕೊಮ್ಮೆ ನೆಲಕ್ಕ ಬೀಳತಿದ್ಲು. ಬೊಂಬಾಯಿ ಡಾಕ್ಟರ್ ಕೈಲೆ ಪೂರಾ ನೀಗಲಿಲ್ಲ. ನಾನು ಹರಕಿ ಹೊತ್ತೆ, ಆಕೀ ಕೈಲೆ ನಿರ್ಜಲ ಮಾಡಿಸಿದೆ. ಹದಿನಾಲ್ಕು ವರ್ಷಾತು, ಒಂದು ಸಲಾನೂ ಬಂದಿಲ್ಲ. ಹರಿ ಕೈ ಬಿಡೂದಿಲ್ರಿ.”

ಹೆಂಗಸರು ಕೈಮುಗಿದರು. ವೈದೇಹಿ ಸೆರಗಿನೊಳಗಿನ ಹೆಬ್ಬೆರಳನ್ನು ಬಲಗೈಯಿಂದ ಹಿಂಡಿ ಹಿಡಿದಳು.

*

ಅಕ್ಕನಿಗೆ ಹೇಳಿ ನೋಡಿದ್ದರು ಪಾಂಡುರಂಗರಾಯರು. ಡಾಕ್ಟರು ಹೀಗೆಂದರು, ಒಂದೇ ಗುಟುಕು ನೀರು, ಎಂದು. ಪದ್ಮಕ್ಕ ಮೂರು ದಿನ ಊಟ ಬಿಟ್ಟರು. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ನಿನಗಾಗಿ ಒಂದು ಹರಕೆ ಹೊತ್ತರೆ ಅದನ್ನೂ ಮುರಿಯುತ್ತೀಯಾ ಎಂದು ಅತ್ತರು. ಸಾಕಿ ಬೆಳೆಸಿದ ಅಕ್ಕ.

ರಸೀದಿಯಿಲ್ಲದೆ ಒಂದು ಮಾವಿನ ಬುಟ್ಟಿಯನ್ನೂ ಹೊರಗೆ ಬಿಡದ ಪಾರ್ಸೆಲ್ ಕ್ಲಾರ್ಕು ಆವತ್ತಿನಿಂದ ಮನೆಯೊಳಗೆ ಕಳ್ಳನಾದರು. ಏಕಾದಶಿಯ ಬೆಳಗ್ಗೆ ಪದ್ಮಕ್ಕ ಜಪಕ್ಕೆ ಕೂತೊಡನೆ ಬಚ್ಚಲಿನಿಂದ ಕರೆ ಬರುತ್ತಿತ್ತು: “ವೈದೇಹೀ, ಟಾವೆಲ್ ಎಲ್ಲಿಟ್ಟಿ?” ಹೆಗಲ ಮೇಲೆ ಟವೆಲ್ ಇಟ್ಟುಕೊಂಡೇ ಕೇಳುತ್ತಿದ್ದರು. ಅವಳು ಹೋದರೆ, ಅರ್ಧ ಗಡ್ಡಕ್ಕೆ ಸೋಪು ಮೆತ್ತಿಕೊಂಡು, ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ಕ್ಷೌರದ ಮಗ್ಗು. ನೀರು ಸೋಪಿನ ವಾಸನೆ ಹೊಡೆಯುತ್ತಿತ್ತು. ಅವಳು ಮುಖ ಕಿವುಚಿದರೆ, “ನುಂಗಿಬಿಡು ಮಾರಾಯ್ತಿ, ತೀರ್ಥಾ ಅಂತ ತಿಳಕೋ,” ಎನ್ನುತ್ತಿದ್ದರು. ಸಂಜೆ ಮತ್ತೆ ಜಪ, ಮತ್ತೆ ಟವೆಲ್. ಇಬ್ಬರೂ ಬಾಯಿಗೆ ಸೆರಗು, ಟವೆಲ್ ತುರುಕಿಕೊಂಡು ನಗುತ್ತಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡತಿ ಮಕ್ಕಳಂತೆ ನಗುತ್ತಿದ್ದ ಜಾಗ ಅದೊಂದೇ.

ಒಮ್ಮೆ ಅವಳು ಕೇಳಿದ್ದಳು, “ಅಕ್ಕಗ ಮೋಸ ಮಾಡಿಧಂಗ ಆಗ್ತದಲ್ರೀ, ಪಾಪ ಬರೂದಿಲ್ಲೇನು?”

“ಬಂದ್ರ ನನ್ನ ಲೆಕ್ಕಕ್ಕ ಬರ್ತದ. ನೀ ಬರೇ ನುಂಗಾಕಿ.”

*

ಹತ್ತೂವರೆಗೆ ಕೇಶವ ಬಂದ. ಬಂದವನೇ ಚಿಕ್ಕಪ್ಪನ ಕಾಲ ಮೇಲೆ ಬಿದ್ದು ಅತ್ತ. ಮರಾಠಿ ಭಟ್ಟರು ಸ್ನಾನ ಮಾಡಿ ಬಾ ಎಂದು ಅವಸರ ಮಾಡಿದರು. ಅಂಗಳದಲ್ಲಿ ಪಾರ್ಸೆಲ್ ಆಫೀಸಿನವರು ಚಟ್ಟ ಕಟ್ಟಿ ಮುಗಿಸಿದ್ದರು. ವೈದೇಹಿಯ ಹೆಬ್ಬೆರಳಿನ ಜೊತೆಗೆ ಈಗ ಮಣಿಕಟ್ಟೂ ಎಳೆಯತೊಡಗಿತ್ತು. ಇನ್ನು ಸ್ವಲ್ಪ ಹೊತ್ತು ತಡೆ, ಸ್ವಲ್ಪ ಹೊತ್ತು, ಎಂದು ಅವಳು ತನ್ನ ಕೈಗೆ ತಾನೇ ಬೇಡಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟು ಕೇಳಿದರೆ ಇಷ್ಟು ವರ್ಷ ಏಕಾದಶಿಗೆ ಬೇಡದ ಗುಳಿಗೆ ಇವತ್ತೇಕೆ ಎಂಬ ಮಾತೇಳುತ್ತದೆ, ಗಂಡನನ್ನು ಅವರ ಅಕ್ಕನೆದುರು, ಊರಿನೆದುರು ಕಳ್ಳನೆಂದು ಹೇಳಿದ ಹಾಗೆ. ಅದೂ ಅವರು ಮರುಮಾತಾಡಲಾರದ ದಿನ.

ಆಗ ಕೆಂಪು ಪೇಟದ ಮುದುಕನೊಬ್ಬ ಹೊಸ್ತಿಲಲ್ಲಿ ಕುಕ್ಕರಿಸಿದ. ಮೈಯೆಲ್ಲ ರೈಲಿನ ಮಸಿ. ಬೋಡೇಲಿಯ ರಣಛೋಡಭಾಯಿ. ನ್ಯಾರೋಗೇಜಿನ ಗಾರ್ಡು ಸುದ್ದಿ ಮುಟ್ಟಿಸಿದ್ದನಂತೆ, ಬೆಳಗಿನ ಗಾಡಿ ಹತ್ತಿ ಬಂದಿದ್ದ. ಅವನ ಮಗಳಿಗೂ ಇದೇ ಕಾಯಿಲೆ, ಅವರ ಮಾತಿನಲ್ಲಿ ‘ವಾಯಿ’. ಭುವಾನ ಸರಪಳಿಯ ಏಟು ತಿನ್ನುತ್ತಿದ್ದ ಹುಡುಗಿಯನ್ನು ಪಾಂಡುರಂಗರಾಯರು ತಮ್ಮ ಜೊತೆ ಬೊಂಬಾಯಿಗೆ ಕರೆದೊಯ್ದು ತೋರಿಸಿದ್ದರು. ಬೋಡೇಲಿಯಲ್ಲಿ ಆ ಗುಳಿಗೆ ಸಿಗುವುದಿಲ್ಲ. ಪ್ರತಿ ತಿಂಗಳು ಇವರು ಪೊಟ್ಟಣ ಕಟ್ಟಿ ಗಾರ್ಡಿನ ಕೈಯಲ್ಲಿ ಕಳಿಸುತ್ತಿದ್ದರು. ಆ ಲೈನಿನಲ್ಲಿ ಹಾಗೆ ಪೊಟ್ಟಣ ಕಾಯುವವರು ಇನ್ನೂ ನಾಲ್ಕು ಮನೆಯವರಿದ್ದರು.

ಮುದುಕ ಬಹಳ ಹೊತ್ತು ಅತ್ತ. ಆಮೇಲೆ ಕೇಳಬಾರದ ಹೊತ್ತಿನಲ್ಲಿ ಕೇಳುತ್ತಿದ್ದೇನೆಂದು ಗೊತ್ತಿದ್ದವನ ಹಾಗೆ ತಲೆ ತಗ್ಗಿಸಿ, ಗುಜರಾತಿಯಲ್ಲಿ ಹೇಳಿದ:

“ಬೆನ್, ಕ್ಷಮಿಸಿ. ಮಗಳ ಗುಳಿಗೆ ಗುರುವಾರದವರೆಗೆ ಮಾತ್ರ ಇದೆ. ಇವತ್ತು ಕೇಳಬಾರದು. ಆದರೆ ಸಾಹೇಬರೇ ಹೇಳಿದ್ದರು. ನನ್ನ ತಾಯಿ ಸತ್ತ ದಿನ ಗಾರ್ಡಿನ ಕೈಯಲ್ಲಿ ಚೀಟಿ ಕಳಿಸಿದ್ದರು. ಮನೆಯಲ್ಲಿ ಹೆಣವಿರಲಿ, ಹಬ್ಬವಿರಲಿ, ಹುಡುಗಿಯ ಗುಳಿಗೆ ತಪ್ಪಬಾರದು, ಯಾರಾದರೂ ಬೈದರೆ ನನ್ನ ಹೆಸರು ಹೇಳು, ಅಂತ.”

ವೈದೇಹಿ ಅವನ ಮುಖವನ್ನೇ ನೋಡಿದಳು. ಮನೆಯಲ್ಲಿ ಬಚ್ಚಲಿನ ಮರೆಯಲ್ಲಿ ಪಿಸುಗುಟ್ಟಿದ ಮಾತನ್ನು ಇವರು ಲೈನಿನುದ್ದಕ್ಕೂ ಊರೂರಿಗೆ ಬರೆದು ಕಳಿಸಿದ್ದರು. ಹೆಸರು ಹೇಳು ಎಂದಿದ್ದರು. ಅವಳಿಗೆ ಗಂಡನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಅವಳು ಎದ್ದಳು. ಗೋಡೆ ಹಿಡಿದುಕೊಂಡು, ಅವರ ತಲೆಯ ಮೇಲಿಂದ ಬಲಗೈ ಚಾಚಿ ಕೋಟಿನ ಒಳಜೇಬಿಗೆ ಹಾಕಿದಳು. ಪೊಟ್ಟಣ ಕೈಗೆ ಸಿಕ್ಕಿತು.

“ಅಕ್ಕಾ, ನನಗ ನೀರು ಬೇಕು.”

“ಏನು?”

“ನೀರು. ಗುಳಗಿ ತೊಗೋಬೇಕು.”

“ಬುದ್ಧಿ ನೆಟ್ಟಗದ ಏನ ನಿಂದು?” ಪದ್ಮಕ್ಕನ ದನಿ ಏರಿತು. “ಅಂವ ಇನ್ನೂ ಮನೀ ಬಿಟ್ಟಿಲ್ಲ. ಪಾರಣಿ ಆಗಿಲ್ಲ. ಹದಿನಾಲ್ಕು ವರ್ಷದ ವ್ರತ, ಇವತ್ತ ಅವನ ಮುಂದನ ಮುರೀತಿಯೇನು?”

“ವ್ರತಾ ಯಾವಾಗ್ಲೋ ಮುರದದ ಅಕ್ಕಾ. ಈ ಹದಿನಾಲ್ಕು ವರ್ಷದಾಗ ನಾ ಒಂದು ಏಕಾದಶೀನೂ ನಿರ್ಜಲ ಮಾಡಿಲ್ಲ. ಅವರು ಗುಳಗಿ ನುಂಗಸ್ತಿದ್ರು.” ಎಡಗೈ ಮುಂದೆ ಚಾಚಿದಳು. ಅದು ಎಲ್ಲರೆದುರು ಕುಣಿಯುತ್ತಿತ್ತು. “ಈಗ ಬಿದ್ದೆ ಅಂದ್ರ ಅವರು ಹೋಗೂದು ನಾ ನೋಡಲಾರೆ.”

“ಕಾಕು, ಕೂಡ್ರಿ, ಕೂಡ್ರಿ,” ಎಂದು ಕೇಶವ ಒದ್ದೆ ಪಂಚೆಯಲ್ಲೇ ಓಡಿಬಂದು ಚಿಕ್ಕಮ್ಮನನ್ನು ಹಿಡಿದುಕೊಂಡ. “ಅತ್ಯಾ, ನಾ ನೀರು ತರ್ತೀನಿ.”

“ನಿಲ್ಲು,” ಎಂದರು ಪದ್ಮಕ್ಕ. ಕಣ್ಣು ವೈದೇಹಿಯ ಕೈ ಬಿಟ್ಟು ಕದಲಲಿಲ್ಲ. “ಎಲ್ಲಾ ಏಕಾದಶೀಗೂ?”

“ಎಲ್ಲಾದಕ್ಕೂ.”

“ನಾ ಮನ್ಯಾಗಿದ್ದಾಗ?”

“ನೀವು ಜಪಕ್ಕ ಕೂತಾಗ. ಬಚ್ಚಲದಾಗ.”

ಪದ್ಮಕ್ಕ ಏನೋ ನೆನೆಸಿಕೊಂಡರು. ಬಹುಶಃ ಟವೆಲ್. ಹದಿನಾಲ್ಕು ವರ್ಷ ಒಂದು ಟವೆಲ್ ಹುಡುಕಿಕೊಳ್ಳಲಾಗದ ತಮ್ಮ. ಅವರ ಮುಖ ಬಿಗಿಯಿತು, ಬಿರಿಯಿತು, ಮತ್ತೆ ಬಿಗಿಯಿತು. ಬೈಯುತ್ತಾರೆಂದೇ ಎಲ್ಲರೂ ತಿಳಿದರು. ಅವರು ಬಾಗಿ, ಮಲಗಿದ್ದ ತಮ್ಮನ ಮುಖವನ್ನು ಹತ್ತಿರದಿಂದ ನೋಡಿದರು.

“ಕಳ್ಳಾ,” ಎಂದರು.

ಅಷ್ಟೇ. ಒಳಗೆ ಹೋದರು. ತಾವು ಮಾತ್ರ ಮುಟ್ಟುವ ತಾಮ್ರದ ಲೋಟದ ತುಂಬ ನೀರು ತಂದು ವೈದೇಹಿಯ ಬಾಯಿಗೆ ತಾವೇ ಹಿಡಿದರು. ಅವಳ ಕೈ ನಿಲ್ಲುವಂತಿರಲಿಲ್ಲ. ಗುಳಿಗೆ ನುಂಗುವ ಆತುರದಲ್ಲಿ ಅವಳು ಲೋಟ ಕಚ್ಚಿಯೇ ಕುಡಿದಳು. ನೀರು ಗದ್ದದಿಂದ ಇಳಿದು ಸೆರಗು ತೋಯಿಸಿತು.

ಗುಳಿಗೆ ಕೆಲಸ ಮಾಡಲು ಹೊತ್ತು ಬೇಕೆಂದು ವೈದೇಹಿಗೆ ಗೊತ್ತಿತ್ತು. ಬೆರಳು ಇನ್ನೂ ತುಡಿಯುತ್ತಲೇ ಇತ್ತು. ಆದರೆ ತಲೆ ತಿಳಿಯಾಗಿತ್ತು. “ಗುರುವಾರದ ಒಳಗ ಕಳಸ್ತೀನಿ ಭಾಯಿ,” ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಗುಜರಾತಿಯಲ್ಲಿ ಇನ್ನೊಮ್ಮೆ ಹೇಳಿದಳು. ರಣಛೋಡಭಾಯಿ ಪೇಟ ತೆಗೆದು ನೆಲಕ್ಕಿಟ್ಟ.

ಭಟ್ಟರು ಕೂಗಿದರು. ಕೇಶವ, ಪಾರ್ಸೆಲ್ ಆಫೀಸಿನ ಇಬ್ಬರು, ರಮಾಮಣಿಯ ಗಂಡ, ನಾಲ್ವರೂ ಹೆಗಲು ಕೊಟ್ಟರು. ಪದ್ಮಕ್ಕ ಒಂದು ಕೈಯಲ್ಲಿ ಲೋಟ ಹಿಡಿದಿದ್ದರು. ಇನ್ನೊಂದರಲ್ಲಿ ವೈದೇಹಿಯ ಕುಣಿಯುವ ಎಡಗೈಯನ್ನು ಮುಷ್ಟಿಯೊಳಗೆ ಅದುಮಿ ಹಿಡಿದು ಬಾಗಿಲಿನವರೆಗೆ ನಡೆಸಿಕೊಂಡು ಬಂದರು. ವೈದೇಹಿ ಕಣ್ಣು ಮಿಟುಕಿಸದೆ ನೋಡಿದಳು. ಎಡಗೆನ್ನೆಯ ಮೇಲೆ ನಿನ್ನೆ ಬೆಳಗ್ಗೆ ಕ್ಷೌರದಲ್ಲಿ ಆದ ಸಣ್ಣ ಗಾಯ, ಹಣೆಯ ಗೋಪೀಚಂದನ, ಮೂಗಿನ ಅರಳೆ, ಎಲ್ಲವನ್ನೂ ನೋಡಿದಳು. ಗೋವಿಂದಾ ಎಂಬ ಕೂಗು ಕ್ವಾರ್ಟರ್ಸಿನ ಸಾಲು ದಾಟಿ, ಲೆವೆಲ್ ಕ್ರಾಸಿಂಗಿನ ಹತ್ತಿರ ಬೇವಿನ ಮರಗಳ ಹಿಂದೆ ತಿರುಗಿತು. ಅಲ್ಲಿಯವರೆಗೂ ಅವಳು ಎಚ್ಚರವಿದ್ದಳು.

ಹೆಂಗಸರು ಒಬ್ಬೊಬ್ಬರೇ ಸ್ನಾನಕ್ಕೆಂದು ಎದ್ದು ಹೋದರು. ಬಾಗಿಲಲ್ಲಿ ಇಬ್ಬರೇ ಉಳಿದರು. ಲೋಟದಲ್ಲಿ ಇನ್ನೂ ಅರ್ಧ ನೀರಿತ್ತು. ಪದ್ಮಕ್ಕ ಹೊಸ್ತಿಲ ಮೇಲೆ ಕೂತು, ಅದನ್ನು ಎರಡೂ ಕೈಯಿಂದ ಎತ್ತಿ, ವೈದೇಹಿಯ ತುಟಿ ತಾಗಿದ ಅಂಚಿಗೇ ತುಟಿಯಿಟ್ಟು, ಗಟಗಟನೆ ತಳದವರೆಗೆ ಕುಡಿದರು.